ಜೋಜಿ ಲಾ ದಾಟಿದ ಸ್ಟುವರ್ಟ್: ವಾರ್‌ಗೇಮ್ ಮೇಜಿಗೆ ಪುಟ್ಟ ಟ್ಯಾಂಕ್ ಕಟ್ಟುವ ಬಗೆ

ವಾರ್‌ಗೇಮ್ ಮೇಜಿನ ಮೇಲಿನ ಟ್ಯಾಂಕನ್ನು ಎಲ್ಲರೂ ಕೈಯಲ್ಲಿ ಹಿಡಿಯುತ್ತಾರೆ. ನೀವು ಹಿಡಿಯುತ್ತೀರಿ, ಎದುರು ಆಡುವವರು ಹಿಡಿಯುತ್ತಾರೆ, ನೋಡಲು ಬಂದ ಮಕ್ಕಳೂ ಎತ್ತಿ ನೋಡುತ್ತಾರೆ. ಪ್ರತಿ ಸರದಿಗೂ ಅದು ಮುಂದಕ್ಕೆ ಸರಿಯಬೇಕು, ಟರೆಟ್ (ಫಿರಂಗಿ ಇರುವ ಮೇಲಿನ ಗೋಪುರ) ತಿರುಗಬೇಕು, ಆಟ ಮುಗಿದ ಮೇಲೆ ಡಬ್ಬಿ ಸೇರಬೇಕು. ಗಾಜಿನ ಬೀರುವಿನಲ್ಲಿ ಇಡುವ ಮಾದರಿಯ ಹಾಗೆ ಕಟ್ಟಿದರೆ ಎರಡನೇ ಆಟಕ್ಕೇ ಫಿರಂಗಿಯ ನಳಿಕೆ ಮುರಿದಿರುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಕೈ ತಾಳುತ್ತದಾ?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಗುಡ್ಡ, ದಾರಿ, ಮನೆಗಳನ್ನು ಜೋಡಿಸುತ್ತೇವೆ. ಪುಟ್ಟ ಸೈನಿಕರನ್ನೂ ವಾಹನಗಳನ್ನೂ ಅಳತೆ ಟೇಪು ಹಿಡಿದು ನಡೆಸುತ್ತೇವೆ. ಗುಂಡು ತಾಗಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಹಳೆಯ ಕಾಳಗವೊಂದನ್ನು ಮೇಜಿನ ಮೇಲೆ ಮತ್ತೆ ಆಡಿ ನೋಡುವುದರಲ್ಲಿ ಒಂದು ದೊಡ್ಡ ಸುಖ ಇದೆ. ನಕ್ಷೆ ನೋಡಿದಾಗ ಅರ್ಥವಾಗದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಯಾವ ಟ್ಯಾಂಕ್?

ಹೊಸಬರು ಸಾಮಾನ್ಯವಾಗಿ ಜರ್ಮನಿಯ ಟೈಗರ್‌ನಿಂದಲೋ ರಷ್ಯಾದ ಟಿ-34ರಿಂದಲೋ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ನಾನು ಕೈಹಿಡಿದು ಕರೆದೊಯ್ಯುವುದು ಅಮೆರಿಕದ ಪುಟ್ಟ ಟ್ಯಾಂಕ್ ಎಂ5 ಸ್ಟುವರ್ಟ್ ಕಡೆಗೆ. ಅದಕ್ಕೆ ಕಾರಣ 1948ರ ನವೆಂಬರ್ 1.

ಆ ದಿನ ನಮ್ಮ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಕಾಶ್ಮೀರದಿಂದ ಲಡಾಖ್‌ಗೆ ದಾಟುವ, ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆಗೆ ನುಗ್ಗಿದವು. ಲೇಹ್‌ಗೆ ಹೋಗುವ ದಾರಿಯನ್ನು ಅಲ್ಲಿ ಪಾಕಿಸ್ತಾನದ ಕಡೆಯ ಎದುರಾಳಿಗಳು ಬಂದ್ ಮಾಡಿ ಕುಳಿತಿದ್ದರು. ಕಾಲಾಳುಗಳ ದಾಳಿ ಅದಕ್ಕೆ ಮೊದಲೇ ಸೋತಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿ ಬರುತ್ತದೆ ಎಂದು ಅವರು ಎಣಿಸಿರಲಿಲ್ಲ. ಈ ಉಪಾಯದ ಹಿಂದೆ ಇದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ದಾಳಿಯ ದಿನ ಅವರೇ ಮುಂದಿನ ಟ್ಯಾಂಕೊಂದರಲ್ಲಿ ಕುಳಿತಿದ್ದರು. ಕಣಿವೆಯ ಬುಡದ ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದ ಹೇಸರಗತ್ತೆಯ ದಾರಿಯನ್ನು ಅಗಲ ಮಾಡಿದ್ದು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿಗಳು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರ ಇರುವ ಅದೇ ಪಡೆ. ಎಂಟು ವರ್ಷಗಳ ನಂತರ ಅದೇ ನವೆಂಬರ್ 1ರಂದು ನಮ್ಮ ರಾಜ್ಯ ಹುಟ್ಟಿತು ಎನ್ನುವುದು ಕಾಕತಾಳೀಯ. ಆದರೂ ಈ ಆಟ ಆಡಲು ಆ ದಿನಕ್ಕಿಂತ ಒಳ್ಳೆಯ ದಿನ ನನಗೆ ಇನ್ನೊಂದಿಲ್ಲ.

ಇನ್ನೊಂದು ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಜಮ್ಮು ಕಡೆಯಿಂದ ಶ್ರೀನಗರ ದಾಟಿ ಬರುವಾಗ ಈ ಟ್ಯಾಂಕ್‌ಗಳ ಟರೆಟ್‌ಗಳನ್ನು ಬಿಚ್ಚಿ ಬೇರೆ ಮಾಡಿದ್ದರು. ದಾರಿಯ ಸೇತುವೆಗಳಿಗೆ ಆ ಭಾರ ತಡೆಯುವ ಶಕ್ತಿ ಇರಲಿಲ್ಲ. ಟ್ಯಾಂಕ್ ಬರುತ್ತಿದೆ ಎನ್ನುವ ಗುಟ್ಟೂ ಉಳಿಯಬೇಕಿತ್ತು.

ಅಳತೆ ಮತ್ತು ಕಿಟ್

ನಿಜವಾದ ಎಂ5ಎ1 ಸ್ಟುವರ್ಟ್ ಸುಮಾರು 4.84 ಮೀಟರ್ ಉದ್ದ, 2.29 ಮೀಟರ್ ಅಗಲ. 1:56 ಅಳತೆಯಲ್ಲಿ ಅದು 86 ಮಿಲಿಮೀಟರ್ ಉದ್ದ, 41 ಮಿಲಿಮೀಟರ್ ಅಗಲ ಆಗುತ್ತದೆ. ಅಂಗೈಯಲ್ಲಿ ಕೂರುವಷ್ಟು. 28 ಮಿಲಿಮೀಟರ್ ಸೈನಿಕರ ಜೊತೆ ಆಡಲು ಇದೇ ಸರಿ. 1:72ರಲ್ಲಿ 67 ಮಿಲಿಮೀಟರ್, 1:100ರಲ್ಲಿ ಕೇವಲ 48. ಮನೆಯಲ್ಲಿ ಚಿಕ್ಕ ಊಟದ ಮೇಜು ಮಾತ್ರ ಇದ್ದರೆ 1:100 ತಗೊಳ್ಳಿ, ಅದೇ ಜಾಗದಲ್ಲಿ ದೊಡ್ಡ ಕಾಳಗ ಹಿಡಿಸುತ್ತದೆ. ಮೊದಲ ಟ್ಯಾಂಕ್ ಆದರೆ 1:56 ಒಳ್ಳೆಯದು. ಬಣ್ಣ ಹಚ್ಚಲು ಕೈಗೆ ಜಾಗ ಸಿಗುತ್ತದೆ.

ಡಬ್ಬಿಯ ಮೇಲೆ 'ಸ್ಟುವರ್ಟ್' ಅಂತ ಇದ್ದ ಮಾತ್ರಕ್ಕೆ ಕೊಳ್ಳಬೇಡಿ. ಎಂ3 ಕೂಡ ಸ್ಟುವರ್ಟೇ. ಆಫ್ರಿಕಾದ ಮರಳುಗಾಡಿನಲ್ಲಿ ಬ್ರಿಟಿಷರು 'ಹನಿ' ಎಂದು ಕರೆದದ್ದು ಅದನ್ನು. ಎಂ5 ಗುರುತಿಸುವುದು ಸುಲಭ. ಹಿಂಭಾಗದಲ್ಲಿ ಎಂಜಿನ್ ಮೇಲಿನ ಮುಚ್ಚಳ ಮೆಟ್ಟಿಲಿನ ಹಾಗೆ ಎತ್ತರಕ್ಕೆ ಏರಿರುತ್ತದೆ. ಒಳಗೆ ಎರಡು ಕ್ಯಾಡಿಲಾಕ್ ಕಾರ್ ಎಂಜಿನ್ ಕೂರಿಸಿದ್ದರಿಂದ ಆ ಎತ್ತರ ಬಂತು. ಮುಂಭಾಗದ ತಗಡು ಒಂದೇ ಇಳಿಜಾರು. ಎಂ5ಎ1 ಆದರೆ ಟರೆಟ್‌ನ ಹಿಂದೆ ರೇಡಿಯೋ ಇಡುವ ಉಬ್ಬು ಕೂಡ ಇರುತ್ತದೆ.

ಪ್ಲಾಸ್ಟಿಕ್ ಕಿಟ್ ಸಿಕ್ಕರೆ ಪ್ಲಾಸ್ಟಿಕ್ಕೇ ತಗೊಳ್ಳಿ. ರೆಸಿನ್ ಕಿಟ್ ಭಾರ, ನೆಲಕ್ಕೆ ಬಿದ್ದರೆ ಚೂರಾಗುತ್ತದೆ, ಅಂಟುವುದೂ ಕಷ್ಟ. ಮನೆಯಲ್ಲಿ ಅಥವಾ ಪರಿಚಯದವರ ಹತ್ತಿರ ಮೂರು ಆಯಾಮದ ಪ್ರಿಂಟರ್ ಇದ್ದರೆ ಅದೂ ಆಗುತ್ತದೆ, ಆದರೆ ಪದರಗಳ ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯುವ ತಾಳ್ಮೆ ಬೇಕು.

ಸಾಮಾನು

ಸಣ್ಣ ನಿಪ್ಪರ್, ಹರಿತವಾದ ಕ್ರಾಫ್ಟ್ ಚಾಕು, ಸಣ್ಣ ಅರ, 400 ಮತ್ತು 800ನೇ ನಂಬರಿನ ಉಪ್ಪುಕಾಗದ, ತೆಳುವಾದ ಪ್ಲಾಸ್ಟಿಕ್ ಸಿಮೆಂಟ್, ಫೆವಿಕ್ವಿಕ್, ಫೆವಿಕಾಲ್, ಬಟ್ಟೆ ಒಣಹಾಕುವ ಕ್ಲಿಪ್, ರಬ್ಬರ್ ಬ್ಯಾಂಡ್, ಹಲ್ಲುಕಡ್ಡಿ, ಹಳೆಯ ಟೂತ್ ಬ್ರಷ್. ಮೂರು ಬ್ರಷ್ ಸಾಕು: ಒಂದು ಚಪ್ಪಟೆ, ಒಂದು ಮೊನೆ ಇರುವ ನಡುವಿನ ಅಳತೆಯದು, ಒಂದು ಹಳೆಯದು ಒರಟು ಕೆಲಸಕ್ಕೆ. ಹಾಬಿ ಅಂಗಡಿಯ ಬಣ್ಣಗಳು ಚೆನ್ನಾಗಿವೆ, ಆದರೆ ದುಬಾರಿ. ಕಲಾವಿದರು ಬಳಸುವ ಅಕ್ರಿಲಿಕ್ ಟ್ಯೂಬುಗಳು ಯಾವ ಊರಿನ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ, ಅವುಗಳಲ್ಲೇ ಈ ಟ್ಯಾಂಕ್ ಮುಗಿಸಬಹುದು. ಬೆಂಗಳೂರಿನವರಿಗೆ ಸಣ್ಣ ಮ್ಯಾಗ್ನೆಟ್, ಡ್ರಿಲ್ ಬಿಟ್ ಬೇಕಾದರೆ ಎಸ್.ಪಿ. ರಸ್ತೆ ಇದ್ದೇ ಇದೆ. ಪ್ರೈಮರ್ ಸ್ಪ್ರೇ ಬೇಕಾದರೆ ಜೆ.ಸಿ. ರಸ್ತೆಯ ವಾಹನದ ಬಣ್ಣದ ಅಂಗಡಿಗಳು.

ಬಿಡಿಸುವುದು, ಜೋಡಿಸುವುದು

ಮೊದಲು ಭಾಗಗಳಿರುವ ಚೌಕಟ್ಟನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಹಾಕಿದ ಎಣ್ಣೆಯ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಭಾಗಗಳನ್ನು ಕೈಯಿಂದ ತಿರುಚಿ ಕೀಳಬೇಡಿ. ನಿಪ್ಪರ್‌ನಿಂದ ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ, ಆಮೇಲೆ ಉಳಿದ ಗಂಟನ್ನು ಚಾಕುವಿನಿಂದ ಹೆರೆಯಿರಿ. ಎರಡು ಸಲ ಕತ್ತರಿಸಿದರೆ ಪ್ಲಾಸ್ಟಿಕ್ ಬಿಳಿಚಿಕೊಳ್ಳುವುದಿಲ್ಲ. ಅಚ್ಚಿನ ಎರಡು ಅರ್ಧಗಳು ಕೂಡಿದ ಕಡೆ ಸಣ್ಣ ಗೆರೆ ಇರುತ್ತದೆ. ಚಾಕುವಿನ ಬೆನ್ನಿನಿಂದ ಅದನ್ನು ಕೆರೆದು ತೆಗೆಯಿರಿ. ಬಣ್ಣ ಹಚ್ಚುವ ಮೊದಲು ಕಾಣದ ಈ ಗೆರೆ ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ನಳಿಕೆಯ ಮೇಲಂತೂ ಇರಲೇಬಾರದು.

ಅಂಟು ಹಚ್ಚುವ ಮೊದಲು ಸುಮ್ನೆ ಒಮ್ಮೆ ಕೂಡಿಸಿ ನೋಡಿ. ಕೂರದಿದ್ದರೆ ಎಲ್ಲಿ ತಾಗುತ್ತಿದೆ ಅಂತ ಹುಡುಕಿ ಅರ ಹಾಕಿ. ಪ್ಲಾಸ್ಟಿಕ್ ಸಿಮೆಂಟ್ ನಿಜಕ್ಕೂ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಒಣಗಿದ ಮೇಲೆ ಆ ಜೋಡು ಬಿಡುವ ಮಾತೇ ಇಲ್ಲ. ಫೆವಿಕ್ವಿಕ್ ಹಾಗಲ್ಲ. ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಪಕ್ಕದಿಂದ ಏಟು ಬಿದ್ದರೆ ಪಟ್ ಎಂದು ಬಿಡುತ್ತದೆ. ಹಾಗಾಗಿ ಪ್ಲಾಸ್ಟಿಕ್ಕಿಗೆ ಸಿಮೆಂಟ್, ರೆಸಿನ್ ಮತ್ತು ಲೋಹಕ್ಕೆ ಫೆವಿಕ್ವಿಕ್. ಎರಡಕ್ಕೂ ಕಿಟಕಿ ತೆರೆದಿರಲಿ.

ಒಡಲಿನ ತಳ, ಪಕ್ಕ, ಮೇಲ್ಭಾಗ ಮೊದಲು. ಕ್ಲಿಪ್, ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಬಿಡಿ. ಆಮೇಲೆ ಚಕ್ರಗಳು. ಸ್ಟುವರ್ಟ್‌ನ ಚಕ್ರಗಳ ಕ್ರಮ ತಿಳಿದಿದ್ದರೆ ಸೂಚನೆ ಹಾಳೆ ಅಸ್ಪಷ್ಟವಾಗಿದ್ದರೂ ತಪ್ಪಾಗುವುದಿಲ್ಲ. ಮುಂದೆ ಮೇಲಕ್ಕೆ ಹಲ್ಲಿನ ಚಕ್ರ, ಅದು ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಪಟ್ಟಿ) ಎಳೆಯುವುದು. ಕೆಳಗೆ ಪ್ರತಿ ಪಕ್ಕಕ್ಕೆ ಎರಡೆರಡು ಚಕ್ರಗಳ ಎರಡು ಜೋಡಿ. ಮೇಲೆ ಟ್ರ್ಯಾಕ್ ಹೊರುವ ಮೂರು ಪುಟ್ಟ ರೋಲರ್. ಹಿಂದೆ ಒಂದು ದೊಡ್ಡ ಚಕ್ರ, ಅದು ನೆಲಕ್ಕೆ ತಾಗಿರಬೇಕು. ತುಂಬ ಜನ ಈ ಹಿಂದಿನ ಚಕ್ರವನ್ನು ಎತ್ತಿ ಅಂಟಿಸುತ್ತಾರೆ. ಆಗ ಟ್ಯಾಂಕ್ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ, ಮೇಜಿನ ಮೇಲೆ ತೂಗಾಡುತ್ತದೆ ಕೂಡ. ಅಂಟು ಹಸಿಯಾಗಿರುವಾಗಲೇ ಟ್ಯಾಂಕನ್ನು ಗಾಜಿನ ಮೇಲೆ ಇಟ್ಟು, ನಾಲ್ಕು ಮೂಲೆಯೂ ತಾಗಿದೆಯಾ ನೋಡಿ.

ಟ್ರ್ಯಾಕ್‌ಗಳು ಒಂದೇ ತುಂಡಾಗಿ ಬಂದಿದ್ದರೆ ಅವನ್ನು ಈಗಲೇ ಅಂಟಿಸಬೇಡಿ. ಬೇರೆ ಇಟ್ಟು ಬಣ್ಣ ಹಚ್ಚಿ ಕೊನೆಗೆ ಸೇರಿಸಿದರೆ ಕೆಲಸ ಅರ್ಧ ಕಡಿಮೆ. ಅಂಟಬೇಕಾದ ಅಂಚಿಗೆ ಮಾತ್ರ ಬಣ್ಣ ತಾಗದ ಹಾಗೆ ಮಾಸ್ಕಿಂಗ್ ಟೇಪ್ ಅಂಟಿಸಿಡಿ.

ಟರೆಟ್‌ಗೆ ಮ್ಯಾಗ್ನೆಟ್

ಇದು ನನಗೆ ಅತ್ಯಂತ ಇಷ್ಟವಾದ ಹಂತ. ಟರೆಟ್ ಸುಮ್ಮನೆ ತೂತಿನಲ್ಲಿ ಕೂತಿದ್ದರೆ ಟ್ಯಾಂಕ್ ಎತ್ತಿದಾಗಲೆಲ್ಲ ಬೀಳುತ್ತದೆ. ಅಂಟಿಸಿದರೆ ತಿರುಗುವುದಿಲ್ಲ. ಮ್ಯಾಗ್ನೆಟ್ ಹಾಕಿದರೆ ತಿರುಗುತ್ತದೆ, ಬೀಳುವುದಿಲ್ಲ, ಬೇಕಾದಾಗ ಬಿಚ್ಚಲೂ ಬರುತ್ತದೆ. ಸೇತುವೆ ದಾಟಿಸಲು ಟರೆಟ್ ಬಿಚ್ಚಿದ ಟ್ಯಾಂಕ್ ಇದು ಅಂತ ನೆನೆದರೆ, ಬಿಚ್ಚಲು ಬರುವ ಟರೆಟ್ ಇದರ ಚರಿತ್ರೆಗೇ ಒಪ್ಪುತ್ತದೆ ಅಲ್ವಾ?

5 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಎರಡು ನಿಯೋಡಿಮಿಯಮ್ ಬಿಲ್ಲೆ ಸಾಕು. ಒಡಲಿನ ಒಳಗೆ, ಟರೆಟ್ ತೂತಿನ ಕೆಳಗೆ, ಬೇಡವಾದ ಪ್ಲಾಸ್ಟಿಕ್ ತುಂಡುಗಳಿಂದ ಒಂದು ಪುಟ್ಟ ಕಟ್ಟೆ ಕಟ್ಟಿ ಅದರ ಮೇಲೆ ಒಂದನ್ನು ಕೂರಿಸಿ. ಇದನ್ನು ಒಡಲು ಮುಚ್ಚುವ ಮೊದಲೇ ಮಾಡಬೇಕು, ಆದ್ದರಿಂದ ಈ ಭಾಗವನ್ನು ಓದಿ ಮುಗಿಸಿಯೇ ಅಂಟು ತೆರೆಯಿರಿ. ಇನ್ನೊಂದು ಬಿಲ್ಲೆ ಟರೆಟ್‌ನ ತಳಕ್ಕೆ. ಎರಡೂ ತೂತಿನ ಸರಿಯಾದ ನಡುವಿನಲ್ಲಿ ಇರಬೇಕು, ಇಲ್ಲವಾದರೆ ಟರೆಟ್ ಒಂದೇ ಕಡೆಗೆ ಎಳೆದುಕೊಂಡು ಹೋಗುತ್ತದೆ. ಎರಡು ಬಿಲ್ಲೆಯೂ ಒಂದನ್ನೊಂದು ಮುಟ್ಟಬೇಕಾಗಿಲ್ಲ, ಅರ್ಧ ಮಿಲಿಮೀಟರ್ ಅಂತರ ಇದ್ದರೆ ಟರೆಟ್ ಹಗುರವಾಗಿ ತಿರುಗುತ್ತದೆ.

ಒಂದು ಸಲ ನಾನು ರಾತ್ರಿ ಅವಸರದಲ್ಲಿ ಮ್ಯಾಗ್ನೆಟ್ ತಿರುಗುಮುರುಗಾಗಿ ಅಂಟಿಸಿಬಿಟ್ಟೆ. ಬೆಳಿಗ್ಗೆ ಟರೆಟ್ ಇಟ್ಟರೆ ಅದು ಹಾರಿ ಪಕ್ಕಕ್ಕೆ ಬಿತ್ತು. ಒಡಲು ಒಡೆಯದೆ ಬೇರೆ ದಾರಿ ಇರಲಿಲ್ಲ. ಅಂದಿನಿಂದ ಎರಡು ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಕೊಳ್ಳಲು ಬಿಟ್ಟು, ಹೊರಗಿನ ಎರಡು ಮುಖಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಡುತ್ತೇನೆ. ಚುಕ್ಕೆ ಇರುವ ಮುಖಕ್ಕೆ ಮಾತ್ರ ಅಂಟು. ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ: ಈ ಮ್ಯಾಗ್ನೆಟ್‌ಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಜೀವಕ್ಕೇ ಅಪಾಯ.

ಮುರಿಯುವ ಜಾಗಗಳು

ಸ್ಟುವರ್ಟ್‌ನ ಫಿರಂಗಿ 37 ಮಿಲಿಮೀಟರ್‌ನದು. ನಮ್ಮ ಅಳತೆಯಲ್ಲಿ ಅದರ ಬಾಯಿ ಒಂದು ಮಿಲಿಮೀಟರ್‌ಗೂ ಕಡಿಮೆ. ಪ್ಲಾಸ್ಟಿಕ್ ನಳಿಕೆ ತೆಳು ಕಡ್ಡಿಯ ಹಾಗಿರುತ್ತದೆ, ಮೊದಲು ಮುರಿಯುವುದೇ ಅದು. ಅದನ್ನು ಬುಡದಲ್ಲಿ ಕತ್ತರಿಸಿ, ಸಣ್ಣ ತೂತು ಕೊರೆದು, ಅದೇ ಉದ್ದದ ತೆಳು ಹಿತ್ತಾಳೆ ಕೊಳವೆ ಅಥವಾ ದಪ್ಪ ಗುಂಡುಸೂಜಿಯ ತುಂಡು ಕೂರಿಸಿ. ಹತ್ತು ನಿಮಿಷದ ಕೆಲಸ, ಹತ್ತು ವರ್ಷ ಬಾಳುತ್ತದೆ.

ಟರೆಟ್‌ನ ಹೊರಗೆ ವಿಮಾನಕ್ಕೆ ಗುರಿ ಇಡುವ ಮೆಷಿನ್ ಗನ್ ಒಂದಿರುತ್ತದೆ. ಅದನ್ನು ಎತ್ತಿ ನಿಲ್ಲಿಸಿದರೆ ಬೆರಳು ತಗಲಿ ಮುರಿಯುತ್ತದೆ. ಟರೆಟ್‌ನ ಮೈಗೆ ತಾಗಿಸಿ ತಗ್ಗಿಸಿ ಅಂಟಿಸಿ, ಇಲ್ಲವೇ ಬಿಟ್ಟೇಬಿಡಿ. ಆಂಟೆನಾ ಬೇಕೇಬೇಕು ಅನಿಸಿದರೆ ಪ್ಲಾಸ್ಟಿಕ್ ಕಡ್ಡಿ ಬೇಡ. ಹಳೆಯ ಟೂತ್ ಬ್ರಷ್‌ನ ಗಟ್ಟಿ ಎಳೆ ಬಗ್ಗುತ್ತದೆ, ಮುರಿಯುವುದಿಲ್ಲ. ತುದಿ ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಇನ್ನು ಹೊರೆ. ಚಳಿಯಲ್ಲಿ ಮೇಲೆ ಹತ್ತಿದ ಟ್ಯಾಂಕ್ ಬರಿಮೈಯಲ್ಲಿ ಇದ್ದರೆ ನಂಬಿಕೆ ಬರುವುದಿಲ್ಲ. ಹಿಂದಿನ ಮೆಟ್ಟಿಲಿನ ಮೇಲೆ ಸುತ್ತಿದ ಟಾರ್ಪಾಲು, ಕಂಬಳಿ, ಹಗ್ಗ ಇಡಿ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಸುರುಳಿ ಸುತ್ತಿ, ದಾರದಿಂದ ಎರಡು ಕಡೆ ಕಟ್ಟಿ. ಒಣಗಿದ ಮೇಲೆ ಕಲ್ಲಿನಷ್ಟು ಗಟ್ಟಿ. ಹಳೆಯ ಚಾರ್ಜರ್ ವೈರಿನ ಒಳಗಿನ ತಾಮ್ರದ ಎಳೆಗಳನ್ನು ಹುರಿ ಮಾಡಿದರೆ ಎಳೆಯುವ ಉಕ್ಕಿನ ಹಗ್ಗ ರೆಡಿ. ಆದರೆ ಹೊರೆ ಟರೆಟ್ ತಿರುಗುವ ದಾರಿಗೆ ಅಡ್ಡ ಬರಬಾರದು. ಅಂಟಿಸುವ ಮೊದಲು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ.

ಪ್ರೈಮರ್: ಮಳೆಗಾಲದ ಮಾತು

ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪದರವೇ ಪ್ರೈಮರ್, ಅದಿಲ್ಲದೆ ಬಣ್ಣ ಉಗುರಿಗೇ ಎದ್ದು ಬರುತ್ತದೆ. ಬೂದು ಅಥವಾ ಕಪ್ಪು ಪ್ರೈಮರ್ ಸಾಕು. ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ. 20 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ, ತೆಳುವಾಗಿ ಮೂರು ಸಲ. ಒಂದೇ ಸಲಕ್ಕೆ ತೋಯಿಸಿದರೆ ಸ್ಕ್ರೂ ತಲೆಗಳೆಲ್ಲ ಹೂತುಹೋಗುತ್ತವೆ. ಮಹಡಿ ಮೇಲೆ, ಮಾಸ್ಕ್ ಹಾಕಿಕೊಂಡು ಮಾಡಿ.

ವಾಹನಗಳಿಗೆ ಹೊಡೆಯುವ ಸ್ಪ್ರೇ ಅಗ್ಗ, ಆದರೆ ಕೆಲವು ಡಬ್ಬಿಗಳ ದ್ರಾವಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಭಾಗಗಳು ಬಿಡಿಸಿ ಉಳಿದ ಖಾಲಿ ಚೌಕಟ್ಟಿನ ಮೇಲೆ ಮೊದಲು ಹೊಡೆದು ಒಂದು ದಿನ ಬಿಟ್ಟು ನೋಡಿ. ಹೀಗೆ ಪರೀಕ್ಷೆ ಮಾಡದೆ ನಾನೊಂದು ಟ್ಯಾಂಕ್ ಕಳೆದುಕೊಂಡಿದ್ದೇನೆ. ಮೇಲ್ಮೈ ಪೂರ್ತಿ ಕಿತ್ತಳೆ ಸಿಪ್ಪೆಯ ಹಾಗಾಗಿತ್ತು.

ಹವೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಮಾಡುವ ದಿನಗಳು ತುಂಬ ಕಡಿಮೆ. ಮಲೆನಾಡಿನವರಿಗೂ ಅಷ್ಟೇ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಪ್ರೈಮರ್ ಪುಡಿಪುಡಿಯಾಗಿ ಕೂರುತ್ತದೆ, ವಾರ್ನಿಷ್ ಬೆಳ್ಳಗಾಗುತ್ತದೆ. ಆ ತಿಂಗಳುಗಳಲ್ಲಿ ಬ್ರಷ್‌ನಿಂದ ಹಚ್ಚುವ ಪ್ರೈಮರ್ ಬಳಸಿ, ಅಥವಾ ಮಳೆಗಾಲವನ್ನು ಕಟ್ಟಲು ಇಟ್ಟು ದೀಪಾವಳಿ ಹೊತ್ತಿಗೆ ಬಣ್ಣಕ್ಕೆ ಕೂತುಕೊಳ್ಳಿ.

ಹಸಿರಲ್ಲದ ಹಸಿರು

ಸ್ಟುವರ್ಟ್‌ಗಳು ಅಮೆರಿಕದ ಕಾರ್ಖಾನೆಯಿಂದ ಹೊರಡುವಾಗ ಇದ್ದ ಬಣ್ಣ ಆಲಿವ್ ಡ್ರಾಬ್. ನನ್ನ ಟ್ಯಾಂಕಿಗೂ ಅದನ್ನೇ ಹಚ್ಚುತ್ತೇನೆ. ಹೆಸರಿನಲ್ಲಿ ಆಲಿವ್ ಇದ್ದರೂ ಅದು ಎಲೆಯ ಹಸಿರಲ್ಲ. ಕಪ್ಪು ಮತ್ತು ಯೆಲ್ಲೋ ಓಕರ್ ಬೆರೆಸಿ ನೋಡಿ, ನಿಮ್ಮ ಕಣ್ಣೆದುರೇ ಮಂಕಾದ ಹಸಿರು ಹುಟ್ಟುತ್ತದೆ. ಒಂದು ಪಾಲು ಕಪ್ಪಿಗೆ ಮೂರು ಪಾಲು ಓಕರ್‌ನಿಂದ ಶುರು ಮಾಡಿ, ಕಣ್ಣಿಗೆ ಒಪ್ಪುವ ತನಕ ತಿದ್ದಿಕೊಳ್ಳಿ. ತೀರಾ ಕಂದಾದರೆ ಸಾಸಿವೆ ಕಾಳಿನಷ್ಟು ಹಸಿರು ಸೇರಿಸಿ. ಕೊನೆಗೆ ಸ್ವಲ್ಪ ಬಿಳಿ ಹಾಕಿ ಒಂದು ಮೆಟ್ಟಿಲು ತಿಳಿ ಮಾಡಿ. ಇಷ್ಟು ಚಿಕ್ಕ ವಸ್ತುವಿನ ಮೇಲೆ ನಿಜವಾದ ಕಡು ಬಣ್ಣ ಹಚ್ಚಿದರೆ ಮೂರು ಅಡಿ ದೂರದಿಂದ ಕಪ್ಪು ಗಟ್ಟಿಯಾಗಿ ಕಾಣುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಬೆರೆಸಿ ಮುಚ್ಚಳ ಇರುವ ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅದೇ ಬಣ್ಣ ಎರಡನೇ ಸಲ ಬೆರೆಸಲು ಯಾರಿಂದಲೂ ಆಗುವುದಿಲ್ಲ.

ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಮೊದಲ ಪದರ ಮಚ್ಚೆಮಚ್ಚೆಯಾಗಿ ಬರುತ್ತದೆ, ಗಾಬರಿ ಬೇಡ. ಪೂರ್ತಿ ಒಣಗಲು ಬಿಟ್ಟು ಎರಡನೆಯದು, ಬೇಕಾದರೆ ಮೂರನೆಯದು. ನಮ್ಮ ಬೇಸಿಗೆಯಲ್ಲಿ ತಟ್ಟೆಯ ಬಣ್ಣ ಹತ್ತು ನಿಮಿಷಕ್ಕೆ ಒಣಗಿಬಿಡುತ್ತದೆ. ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಹಾಕಿ ಅದರ ಮೇಲೆ ಬಣ್ಣ ಬೆರೆಸಿದರೆ ಗಂಟೆಗಟ್ಟಲೆ ಹಸಿಯಾಗಿ ಉಳಿಯುತ್ತದೆ.

ಇನ್ನು ನೆರಳು ಮತ್ತು ಬೆಳಕು. ಕಂದು ಮತ್ತು ಕಪ್ಪು ಬಣ್ಣವನ್ನು ಡಿಕಾಕ್ಷನ್‌ನಷ್ಟು ತೆಳು ಮಾಡಿ, ಅದಕ್ಕೆ ಪಾತ್ರೆ ಲಿಕ್ವಿಡ್‌ನ ಒಂದೇ ಹನಿ ಸೇರಿಸಿ. ಆ ಹನಿಯಿಂದ ನೀರು ಗುಳ್ಳೆಯಾಗಿ ನಿಲ್ಲದೆ ಸಂದಿಗೆ ಹರಿಯುತ್ತದೆ. ಇಡೀ ಟ್ಯಾಂಕಿಗೆ ಬಳಿಯಬೇಡಿ. ಮೊನೆ ಬ್ರಷ್‌ನಿಂದ ಹ್ಯಾಚ್‌ನ (ಒಳಗಿಳಿಯುವ ಮುಚ್ಚಳದ) ಸುತ್ತ, ಬೋಲ್ಟ್‌ಗಳ ಬುಡದಲ್ಲಿ, ತಗಡು ಸೇರುವ ಗೆರೆಯಲ್ಲಿ ಮಾತ್ರ ಮುಟ್ಟಿಸಿ. ಒಣಗಿದ ಮೇಲೆ ಮೂಲ ಬಣ್ಣಕ್ಕೆ ಓಕರ್ ಮತ್ತು ಬಿಳಿ ಸೇರಿಸಿ ತಿಳಿ ಮಾಡಿ, ಹಳೆಯ ಬ್ರಷ್‌ಗೆ ಹಚ್ಚಿ, ಬಟ್ಟೆಗೆ ಒರೆಸಿ ಒರೆಸಿ ಬಹುತೇಕ ಖಾಲಿ ಮಾಡಿ. ಆಮೇಲೆ ಅಂಚುಗಳ ಮೇಲೆ ಹಗುರವಾಗಿ ಆಡಿಸಿ. ಎತ್ತರದ ಜಾಗಗಳೆಲ್ಲ ಬೆಳಕು ಬಿದ್ದ ಹಾಗೆ ಎದ್ದು ಬರುತ್ತವೆ. ಈ ಎರಡು ಕೆಲಸ ಕಲಿತರೆ ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ಮುಗಿದ ಹಾಗೆ.

ಕಿಟ್‌ನಲ್ಲಿ ಬಂದ ಅಂಟುಚಿತ್ರಗಳಲ್ಲಿ ಅಮೆರಿಕದ ದೊಡ್ಡ ಬಿಳಿ ನಕ್ಷತ್ರ ಇರುತ್ತದೆ. ಚೆಂದ ಇದೆ ಅಂತ ಅಂಟಿಸಬೇಡಿ, ಇದು 1948ರ ನಮ್ಮ ಟ್ಯಾಂಕ್. ಸಣ್ಣ ಬಿಳಿ ನಂಬರುಗಳನ್ನು ಮಾತ್ರ ಬಳಸಿ. ಅಂಟುಚಿತ್ರ ಕೂರುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಷ್ ಹಚ್ಚಬೇಕು. ಒರಟು ಮೇಲ್ಮೈ ಮೇಲೆ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಮಿನುಗುತ್ತದೆ.

ಟ್ರ್ಯಾಕ್, ಕೆಸರು, ಹಿಮ

ಸ್ಟುವರ್ಟ್‌ನ ಟ್ರ್ಯಾಕ್‌ಗಳಲ್ಲಿ ರಬ್ಬರ್ ಗಟ್ಟಿಗಳು, ಅವನ್ನು ಕೂಡಿಸುವ ಉಕ್ಕಿನ ಕೊಂಡಿಗಳು. ಹಾಗಾಗಿ ಪೂರ್ತಿ ಬೆಳ್ಳಿ ಬಣ್ಣ ಬಳಿಯುವುದು ತಪ್ಪು. ಮೊದಲು ಕಡುಬೂದು. ಆಮೇಲೆ ಅಂಚಿನ ಕೊಂಡಿಗಳ ಮೇಲೆ 6ಬಿ ಪೆನ್ಸಿಲ್ ಉಜ್ಜಿ. ನೆಲಕ್ಕೆ ಸವೆದ ಉಕ್ಕಿನ ಹೊಳಪು ಪೆನ್ಸಿಲ್‌ನ ಸೀಸದಿಂದ ಬಂದಷ್ಟು ಚೆನ್ನಾಗಿ ಯಾವ ಬಣ್ಣದಿಂದಲೂ ಬರುವುದಿಲ್ಲ. ಚಕ್ರಗಳ ಸುತ್ತಿನ ರಬ್ಬರ್‌ಗೂ ಅದೇ ಕಡುಬೂದು.

ಕೆಸರಿಗೆ ಕಂದು ಮತ್ತು ಬೂದು ಬಣ್ಣದ ಚಾಕ್ ಪೇಸ್ಟಲ್ ಕಡ್ಡಿಗಳನ್ನು ಉಪ್ಪುಕಾಗದದ ಮೇಲೆ ತೇದು ಪುಡಿ ಮಾಡಿ. ನಮ್ಮ ಹೊಲದ ಕೆಂಪು ಮಣ್ಣಿನ ಬಣ್ಣ ಇಲ್ಲಿ ಬೇಡ. ಅಲ್ಲಿನ ನೆಲ ಬೂದು ಕಲ್ಲು. ಪುಡಿಗೆ ಮ್ಯಾಟ್ ವಾರ್ನಿಷ್ ಸೇರಿಸಿ ಚಕ್ರಗಳ ನಡುವೆ, ಮಡ್‌ಗಾರ್ಡ್‌ನ ಅಡಿಯಲ್ಲಿ ತುಂಬಿ. ಕೆಳಗೆ ದಟ್ಟ, ಮೇಲೆ ಹೋದಂತೆ ವಿರಳ.

ಹಿಮಕ್ಕೆ ಅಡುಗೆ ಸೋಡಾ ಬಳಸಿ ಎಂದು ಹಲವರು ಹೇಳುತ್ತಾರೆ. ಬೇಡ, ವರ್ಷ ಕಳೆದ ಮೇಲೆ ಹಳದಿ ತಿರುಗುತ್ತದೆ. ನಮ್ಮ ಮನೆಗಳಲ್ಲೇ ಅದಕ್ಕಿಂತ ಒಳ್ಳೆಯದಿದೆ: ಬಿಳಿ ರಂಗೋಲಿ ಪುಡಿ. ಅದು ಕಲ್ಲಿನ ಪುಡಿ, ಬಣ್ಣ ಕೆಡುವುದಿಲ್ಲ. ಆದರೆ ಬರಿ ಫೆವಿಕಾಲ್ ಜೊತೆ ಕಲಸಿದರೆ ಒಣಗಿದ ಮೇಲೆ ಮಂಕು ಬೂದಾಗುತ್ತದೆ. ಎರಡು ಪಾಲು ರಂಗೋಲಿ ಪುಡಿ, ಒಂದು ಪಾಲು ಫೆವಿಕಾಲ್, ಒಂದು ಪಾಲು ಬಿಳಿ ಅಕ್ರಿಲಿಕ್, ಇಡ್ಲಿ ಹಿಟ್ಟಿನ ಹದ. ಹಲ್ಲುಕಡ್ಡಿಯಿಂದ ಎಂಜಿನ್ ಮುಚ್ಚಳದ ಅಂಚಿನಲ್ಲಿ, ಮುಂದಿನ ಇಳಿಜಾರಿನ ಬುಡದಲ್ಲಿ, ಟಾರ್ಪಾಲಿನ ಮಡಿಕೆಯಲ್ಲಿ ಇಡಿ. ಹಸಿಯಾಗಿರುವಾಗಲೇ ಮೇಲೆ ಒಣ ಪುಡಿ ಉದುರಿಸಿ. ಎಂಜಿನ್‌ನ ಬಿಸಿ ಗಾಳಿ ಹೊರಬರುವ ಹಿಂಭಾಗದಲ್ಲಿ ಹಿಮ ಇಡಬೇಡಿ, ಅಲ್ಲಿ ಕರಗಿದ ಒದ್ದೆಯ ಗುರುತು ಮಾತ್ರ. ಬೆರಳು ಹಿಡಿಯುವ ಕಡೆಯೂ ಬೇಡ, ಉದುರಿಹೋಗುತ್ತದೆ.

ವಾರ್ನಿಷ್, ಡಬ್ಬಿ

ಎರಡು ಪದರ ವಾರ್ನಿಷ್ ಬೇಕು. ಮೊದಲು ಹೊಳಪಿನದು, ಅದು ಗಟ್ಟಿ. ಪೂರ್ತಿ ಒಣಗಿದ ಮೇಲೆ ಮ್ಯಾಟ್, ಅದು ಹೊಳಪು ತೆಗೆಯುತ್ತದೆ. ಒಂದು ಜುಲೈ ಸಂಜೆ ಮಳೆ ನಿಂತಿತಲ್ಲ ಅಂತ ಮ್ಯಾಟ್ ಸ್ಪ್ರೇ ಹೊಡೆದೆ. ಕಣ್ಣೆದುರೇ ಇಡೀ ಟ್ಯಾಂಕಿನ ಮೇಲೆ ಬಿಳಿ ಪೊರೆ ಬಂತು. ಎರಡು ವಾರದ ಕೆಲಸ ಹೋಯಿತು ಎಂದು ತುಂಬ ಬೇಜಾರಾಯಿತು. ಮರುದಿನ ಬ್ರಷ್‌ನಿಂದ ಹೊಳಪಿನ ವಾರ್ನಿಷ್ ಹಚ್ಚಿದಾಗ ಪೊರೆ ಬಹುಪಾಲು ಮಾಯವಾಯಿತು. ನಿಮಗೂ ಹೀಗಾದರೆ ಬಣ್ಣ ಕೆರೆಯುವ ಮೊದಲು ಇದನ್ನು ಮಾಡಿ ನೋಡಿ.

ಇಡಲು ಉಕ್ಕಿನ ಡಬ್ಬಿ ಒಳ್ಳೆಯದು. ಟ್ಯಾಂಕಿನ ತಳಕ್ಕೂ ಒಂದು ಮ್ಯಾಗ್ನೆಟ್ ಅಂಟಿಸಿದರೆ ಬಸ್ಸಿನಲ್ಲಿ ಒಯ್ದರೂ ಅಲ್ಲಾಡುವುದಿಲ್ಲ. ಆದರೆ ಅಡುಗೆಮನೆಯ ಹಲವು ಸ್ಟೀಲ್ ಡಬ್ಬಿಗಳಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕೊಳ್ಳುವಾಗ ಜೇಬಿನಲ್ಲಿ ಒಂದು ಬಿಲ್ಲೆ ಇಟ್ಟುಕೊಂಡು ಹೋಗಿ. ಬಿಸ್ಕತ್ತಿನ ತಗಡಿನ ಡಬ್ಬಿಗಳಿಗೆ ಸಾಮಾನ್ಯವಾಗಿ ಹಿಡಿಯುತ್ತದೆ.

ಮೇಜಿಗೆ

ಮೂರು ಸ್ಟುವರ್ಟ್ ಆದರೆ ಆಟ ಚೆನ್ನಾಗಿರುತ್ತದೆ. ಒಂದರ ಹ್ಯಾಚ್ ತೆರೆದು ಒಬ್ಬ ಅಧಿಕಾರಿಯನ್ನು ನಿಲ್ಲಿಸಿ, ಅದು ತಿಮ್ಮಯ್ಯನವರ ಟ್ಯಾಂಕ್. ಮಡಿಕೇರಿಗೆ ಹೋದಾಗ ಅವರ ಮನೆ 'ಸನ್ನಿ ಸೈಡ್' ನೋಡಿ ಬನ್ನಿ, ಈಗ ಅದು ಮ್ಯೂಸಿಯಂ. ಅಲ್ಲಿ ನಿಂತು ಬಂದ ಮೇಲೆ ಈ ಪುಟ್ಟ ಟ್ಯಾಂಕಿನ ತೂಕ ಬೇರೆಯೇ ಅನಿಸುತ್ತದೆ.

6 ಅಡಿ ಉದ್ದ, 4 ಅಡಿ ಅಗಲದ ಮೇಜು. ಉದ್ದಕ್ಕೂ ಎರಡು ಕಡೆ ಥರ್ಮಾಕೋಲ್‌ನ ಗುಡ್ಡ, ನಡುವೆ ಒಂದೇ ಟ್ಯಾಂಕ್ ಹಿಡಿಸುವ ದಾರಿ. ಥರ್ಮಾಕೋಲ್‌ಗೆ ಸ್ಪ್ರೇ ಹೊಡೆಯಬೇಡಿ, ಕರಗಿಹೋಗುತ್ತದೆ. ಫೆವಿಕಾಲ್ ಬಳಿದು ಬ್ರಷ್‌ನಿಂದ ಬಣ್ಣ ಹಚ್ಚಿ. ಗುಡ್ಡದ ಮೇಲೆ ಕಲ್ಲಿನ ಬಂಕರ್‌ಗಳು, ಅವುಗಳಲ್ಲಿ ಮೆಷಿನ್ ಗನ್. ಟ್ಯಾಂಕಿಗೆ ಹೊಡೆಯುವ ಫಿರಂಗಿ ಎದುರಾಳಿಗೆ ಕೊಡಬೇಡಿ. ಬದಲಿಗೆ ಹವೆಯನ್ನು ಕೊಡಿ. ಪ್ರತಿ ಸರದಿಗೆ ಒಂದು ದಾಳ ಹಾಕಿ, 1 ಅಥವಾ 2 ಬಿದ್ದರೆ ಹಿಮ ಸುರಿಯುತ್ತಿದೆ, 12 ಅಂಗುಲದ ಆಚೆ ಯಾರಿಗೂ ಏನೂ ಕಾಣುವುದಿಲ್ಲ. ದಾರಿ ಬಿಟ್ಟು ಇಳಿದ ಟ್ಯಾಂಕಿಗೆ 1 ಬಿದ್ದರೆ ಅದು ಅಲ್ಲೇ ಸಿಕ್ಕಿಕೊಂಡಿತು. ಬಂಕರ್‌ನವರು ಟ್ಯಾಂಕನ್ನು ಮೊದಲ ಸಲ ನೋಡಿದ ಸರದಿಯಲ್ಲಿ ಅವರ ಧೈರ್ಯಕ್ಕೆ ಒಂದು ದಾಳ.

ಆಟ ಶುರುವಾಗುವ ಮೊದಲು ಮೂರೂ ಟರೆಟ್‌ಗಳನ್ನು ಬಿಚ್ಚಿ ಪಕ್ಕಕ್ಕೆ ಇಡಿ. ಒಡಲುಗಳ ಮೇಲೆ ಟಿಶ್ಯೂ ಟಾರ್ಪಾಲು ಮುಚ್ಚಿ ಮೇಜಿನ ಅಂಚಿನಲ್ಲಿ, ಬಾಲ್ಟಾಲ್ ಕಡೆ ನಿಲ್ಲಿಸಿ. ಎದುರು ಕೂತವರಿಗೆ ಅವು ಲಾರಿಗಳೋ ಇನ್ನೇನೋ ಗೊತ್ತಾಗಬಾರದು. ಸ್ಯಾಪರ್‌ಗಳು ದಾರಿ ಅಗಲ ಮಾಡಿ ಮುಗಿಸಿದ ಸರದಿಯಲ್ಲಿ ಟಾರ್ಪಾಲು ತೆಗೆದು, ಒಂದೊಂದೇ ಟರೆಟ್ ಕೂರಿಸಿ. ಮ್ಯಾಗ್ನೆಟ್ ಹಿಡಿದ ಟಕ್ ಶಬ್ದ ಕೇಳಿದ ಮೇಲೆ ದಾಳ ಎತ್ತಿಕೊಳ್ಳಿ.